ಭತ್ತದ ಗದ್ದ್ಯಾಗ ದುಂಡಗ ಬೆಳಿ ಒಣಗೈತಿ, ಇದು ಏಲಿಯನ್ ಕ್ರಾಪ್ ಸರ್ಕಲ್ ಏನ್ರಿ?

ಅಲ್ರಿ. ಕ್ರಾಪ್ ಸರ್ಕಲ್ ಅಂದ್ರ ಹೊಲದಾಗ ಬೆಳಿ ದುಂಡಗ ಮಲಗಿರೋ ಗುರ್ತು, ಅದನ್ನ ಏಲಿಯನ್ ಮಾಡ್ಯಾವು ಅಂತ ಕೆಲವ್ರು ನಂಬತಾರು. ಆದ್ರ ಇಂಗ್ಲೆಂಡಿನ ಡಗ್ ಬೋವರ್, ಡೇವ್ ಚೋರ್ಲಿ ಅನ್ನೋ ಇಬ್ರು ಹಲಗಿ, ಹಗ್ಗ ಹಿಡ್ಕೊಂಡು ರಾತ್ರಿ ಬೆಳಿ ತುಳದು ಅಂಥ ಸರ್ಕಲ್ ಮಾಡ್ತಿದ್ವಿ ಅಂತ 1991ರಾಗ ತಾವ ಒಪ್ಕೊಂಡ್ರು. ಅದ್ರಾಗ ದಂಟು ಹಸರ ಇದ್ದಂಗ ನೀಟಾಗಿ ಮಲಗಿರತಾವು, ನಿಮ್ಮ ಬೆಳಿ ಹಂಗ ಒಣಗಿರಂಗಿಲ್ಲ.

ನಮ್ಮ ಗಂಗಾವತಿ, ಸಿಂಧನೂರು ಕಡೆ ಭತ್ತ ದುಂಡಗ ಸುಟ್ಟಂಗ ಕಂಡ್ರ ಮೊದ್ಲು ಕಂದು ಜಿಗಿಹುಳದ ಡೌಟ್ ಬರ್ಬೇಕು, ಗದ್ದಿಗೆ ಇಳ್ದು ದಂಟು ಅಗಲ ಮಾಡಿ ಬುಡದಾಗ ನೀರಿನ ಮ್ಯಾಲ ನೋಡ್ರಿ, ಹುಳ ಅಲ್ಲೇ ಕುಂತು ರಸ ಹೀರತಿರತಾವು, ಯೂರಿಯಾ ಜಾಸ್ತಿ ಆದ್ರ, ನಾಟಿ ದಟ್ಟ ಆದ್ರ ಇನ್ನೂ ಜೋರು. ಗಾಳಿ ಮಳಿಗೆ ಬಿದ್ದಿದ್ರ ಹಿಂಗ ದುಂಡಗ ಇರಂಗಿಲ್ಲ. ವಿಡಿಯೋ ಶೇರ್ ಮಾಡ್ಕೊಂತ ಕೂಡಬ್ಯಾಡ್ರಿ, ಹುಳ ಪಕ್ಕದ ಮಡಿಗೂ ಹಬ್ಬತೈತಿ, ಇವತ್ತ ನೀರು ಬಸದು ರೈತ ಸಂಪರ್ಕ ಕೇಂದ್ರಕ್ಕ ಹೋಗ್ರಿ.