ಪಂಪು ನಿಲ್ಲಿಸಿದ ಎಂಜಿನಿಯರ್ ಮತ್ತು ಬಿಸಿನೆಸ್ ಸ್ಕೂಲ್ ಸೀಟು

(ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯೋಕೆ ಅವರ ಒಪ್ಪಿಗೆ ಇದೆ.)

ವಿದೇಶದ ಬಿಸಿನೆಸ್ ಸ್ಕೂಲುಗಳಿಗೆ ಎಂಬಿಎ ಅರ್ಜಿ ಹಾಕುವವರಿಗೆ ಸಲಹೆ ಕೊಡೋದು ನನ್ನ ಕೆಲಸ. ಹಾಗೆ ಬಂದು ಕೂತ ಇವರು ನೀರು ಕೂಡ ಕುಡಿಯದೆ ಲ್ಯಾಪ್‌ಟಾಪ್ ತೆರೆದರು. ಒಂದು ಎಕ್ಸೆಲ್ ಹಾಳೆ. ಎಡಗಡೆ ಹನ್ನೊಂದು ಬಿಸಿನೆಸ್ ಸ್ಕೂಲುಗಳ ಹೆಸರು. ಪಕ್ಕದಲ್ಲಿ ಸೀಟುಗಳ ಸಂಖ್ಯೆ, ಜಿಮ್ಯಾಟ್ (ಎಂಬಿಎ ಪ್ರವೇಶ ಪರೀಕ್ಷೆ) ಅಂಕದ ಸರಾಸರಿ, ಅನುಭವದ ಸರಾಸರಿ. ಕೊನೆಯ ಕಾಲಂ ಮಾತ್ರ ಖಾಲಿ. ಅದರ ತಲೆಬರಹ, ‘ನನ್ನ ಚಾನ್ಸ್ (%)’.

“ಇದೊಂದು ಕಾಲಂ ನೀವು ತುಂಬಿಕೊಟ್ರೆ ಸಾಕು ಮೇಡಂ.”

ಮೆಕ್ಯಾನಿಕಲ್ ಎಂಜಿನಿಯರ್, ವಯಸ್ಸು 31. ನೀರು ಶುದ್ಧೀಕರಿಸುವ ದೊಡ್ಡ ಘಟಕಗಳನ್ನು ಕಟ್ಟಿ ಚಾಲೂ ಮಾಡಿಕೊಡುವ ಕಂಪನಿಯಲ್ಲಿ ಎಂಟೂವರೆ ವರ್ಷದ ಅನುಭವ. ಜಿಮ್ಯಾಟ್ 685. ಪದವಿಯಲ್ಲಿ ನಡುಮಟ್ಟದ ಅಂಕ, ಎರಡನೇ ವರ್ಷ ಒಂದು ವಿಷಯದಲ್ಲಿ ಫೇಲ್. ನಡುವೆ ಏಳು ತಿಂಗಳು ಕೆಲಸ ಇರಲಿಲ್ಲ. ಎಂಬಿಎ ಆದ ಮೇಲೆ ಏನು ಅಂತ ಕೇಳಿದರೆ, “ಕನ್ಸಲ್ಟಿಂಗ್.” ಯಾಕೆ ಅಂದರೆ, “ಎಲ್ಲರೂ ಅದನ್ನೇ ಮಾಡ್ತಾರಲ್ವಾ?”

ಆ ಕಾಲಂ ನಾನು ತುಂಬಲಿಲ್ಲ. ಅದಕ್ಕೊಂದು ಕಾರಣ ಇದೆ. ಈ ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬರಿಗೆ ‘ನೂರಕ್ಕೆ ಅರವತ್ತು’ ಅಂದುಬಿಟ್ಟಿದ್ದೆ. ಅವರು ಆ ಅರವತ್ತನ್ನು ನಂಬಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಸೀಟು ಸಿಗಲಿಲ್ಲ. ಆ ಅರವತ್ತು ನನಗೆ ಎಲ್ಲಿಂದ ಸಿಕ್ಕಿತ್ತು ಅಂತ ಇವತ್ತು ಕೇಳಿದರೂ ನನ್ನಲ್ಲಿ ಉತ್ತರ ಇಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತೀರಿ ಅಂತ ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ.

ಲೆಕ್ಕ ಹಾಕೋಕೆ ಏನೂ ಇಲ್ಲ ಅಂತಲ್ಲ. ಹಾರ್ವರ್ಡ್‌ನಲ್ಲಿ ಎಂಬಿಎಗೆ ವರ್ಷಕ್ಕೆ ಸುಮಾರು 930 ಜನ ಸೇರುತ್ತಾರೆ. ಸ್ಟ್ಯಾನ್‌ಫರ್ಡ್‌ನಲ್ಲಿ ಅದರ ಅರ್ಧಕ್ಕಿಂತ ಕಡಿಮೆ, ಅಲ್ಲಿ ಅರ್ಜಿ ಹಾಕಿದ ನೂರು ಜನರಲ್ಲಿ ಹತ್ತು ಮಂದಿಗೂ ಸೀಟು ಸಿಗುವುದಿಲ್ಲ. ಆದರೆ ಈ ಸಂಖ್ಯೆ ಗುಂಪಿನದ್ದು, ನಿಮ್ಮದಲ್ಲ. ಹಾರ್ವರ್ಡ್ ತರಗತಿಯಲ್ಲಿ ಸುಮಾರು ಕಾಲು ಭಾಗ ಎಂಜಿನಿಯರಿಂಗ್ ಓದಿದವರೇ ಇರುತ್ತಾರೆ. ಅಂದರೆ ಎಂಜಿನಿಯರ್ ಅನ್ನುವುದು ಅಡ್ಡಿಯೂ ಅಲ್ಲ, ವಿಶೇಷವೂ ಅಲ್ಲ. ಅರ್ಜಿ ಓದುವವರು ಒಬ್ಬ ಎಂಜಿನಿಯರನ್ನು ಇನ್ನೊಬ್ಬ ಎಂಜಿನಿಯರ್ ಪಕ್ಕ ಇಟ್ಟು ನೋಡುತ್ತಾರೆ. ಅಲ್ಲಿ ಎಲ್ಲರಿಗೂ ಗಣಿತ ಬರುತ್ತದೆ.

ಅವರಿಗೆ ಮೊದಲು ಬೇಕಾಗಿದ್ದು ಜಿಮ್ಯಾಟ್ ಬಗ್ಗೆ ಉತ್ತರ. ಇನ್ನೊಂದು ಸಲ ಬರೆದು 735 ಮಾಡಿಕೊಳ್ಳಲಾ? ಬೇಡ ಅಂದೆ. ಈಗಿನ ಜಿಮ್ಯಾಟ್ 2023ರ ನವೆಂಬರ್‌ನಲ್ಲಿ ಬಂದದ್ದು. ಅಂಕ 205ರಿಂದ 805ರವರೆಗೆ, ಕೊನೆಯ ಅಂಕಿ ಯಾವಾಗಲೂ 5. ಹಳೆಯ ಪರೀಕ್ಷೆಯ 700 ಅಂದರೆ ಇದರಲ್ಲಿ ಸುಮಾರು 645. ಹಳೇ ಕಾಲದ ಸೀನಿಯರ್‌ಗಳ ಮಾತು ಕೇಳಿ 685 ಕಡಿಮೆ ಅಂತ ಕೊರಗುವವರು ಇವರೊಬ್ಬರೇ ಅಲ್ಲ. ವಿಭಾಗವಾರು ನೋಡಿದೆ. ಕ್ವಾಂಟ್ (ಗಣಿತ) 88, ವರ್ಬಲ್ (ಭಾಷೆ) 82, ಡೇಟಾ ಇನ್‌ಸೈಟ್ಸ್ (ಅಂಕಿಅಂಶ ವಿಶ್ಲೇಷಣೆ) 82. ಪ್ರತಿ ವಿಭಾಗಕ್ಕೂ ಗರಿಷ್ಠ 90. ಪದವಿಯ ಅಂಕ ನೋಡಿ ‘ಇವರಿಗೆ ಲೆಕ್ಕ ಬರುತ್ತಾ’ ಅಂತ ಅನುಮಾನ ಬಂದರೆ ಆ 88 ಉತ್ತರ ಕೊಡುತ್ತದೆ. ಇನ್ನು ಮೂರು ತಿಂಗಳು ಅದಕ್ಕೇ ಕೂತರೆ ಸಿಗೋದು ಚೂರು, ಕಳೆದುಕೊಳ್ಳೋದು ಅರ್ಜಿಯ ಪ್ರಬಂಧ ಬರೆಯುವ ಸಮಯ.

ಫೇಲಾದ ವಿಷಯವನ್ನೂ ಕೆಲಸ ಇಲ್ಲದ ಏಳು ತಿಂಗಳನ್ನೂ ಮುಚ್ಚಿಡಬೇಡಿ ಅಂದೆ. ಐಚ್ಛಿಕ ಪ್ರಬಂಧ ಅಂತ ಒಂದು ಜಾಗ ಬಹುತೇಕ ಅರ್ಜಿಗಳಲ್ಲಿ ಇರುತ್ತದೆ. ಅಲ್ಲಿ ನಾಲ್ಕು ಸಾಲು. ಏನಾಯ್ತು, ಯಾಕೆ, ಆಮೇಲೆ ಏನು ಮಾಡಿದೆ. ಮುಗೀತು. ಕಣ್ಣೀರು ಬೇಡ.

ಹೆಚ್ಚು ಹೊತ್ತು ಹಿಡಿದದ್ದು ರೆಸ್ಯೂಮೆ. ಒಂದು ಪುಟ ಪೂರ್ತಿ ಪಂಪು, ವಾಲ್ವು, ಮೆಂಬ್ರೇನು. ಎಲ್ಲ ವಾಕ್ಯವೂ ‘ಪರಿಶೀಲಿಸಲಾಯಿತು’, ‘ಅಳವಡಿಸಲಾಯಿತು’ ಅನ್ನುವ ಧಾಟಿಯಲ್ಲಿ. ಸೈಟ್ ರಿಪೋರ್ಟ್ ಬರೆದು ಬರೆದು ಕೈಗೆ ಅದೇ ಅಭ್ಯಾಸ ಆಗಿಬಿಟ್ಟಿರುತ್ತದೆ. ಓದುತ್ತಾ ಹೋದರೆ ಅಷ್ಟೆಲ್ಲ ಕೆಲಸ ತಾನಾಗೇ ಆಗಿದೆ, ಮನುಷ್ಯರು ಯಾರೂ ಅಲ್ಲಿ ಇರಲೇ ಇಲ್ಲ ಅನ್ನಿಸುತ್ತದೆ. ಕೆಳಗಿನಿಂದ ಮೂರನೇ ಸಾಲು ಹೀಗಿತ್ತು: ‘ಮುಖ್ಯ ಪಂಪಿನ ವೈಬ್ರೇಶನ್ ಸಮಸ್ಯೆ ಬಗೆಹರಿಸಲಾಯಿತು.’

“ಇದು ಯಾರು ಬಗೆಹರಿಸಿದ್ದು?”

“ನಾವೇ. ಟೀಮು.”

“ಟೀಮಲ್ಲಿ ನೀವೇನು ಮಾಡಿದ್ರಿ?”

“ಅದು ಸಣ್ಣ ವಿಷಯ ಮೇಡಂ.”

ಆದರೂ ಹೇಳಿಸಿದೆ. ಘಟಕ ಚಾಲೂ ಆಗೋಕೆ ಎರಡು ದಿನ ಬಾಕಿ. ಗ್ರಾಹಕರ ಕಡೆಯ ದೊಡ್ಡವರು ಬರುವ ದಿನ ನಿಗದಿ ಆಗಿದೆ. ಪರೀಕ್ಷೆಗೆ ಪಂಪು ಓಡಿಸಿದರೆ ಕಂಪನ ಜಾಸ್ತಿ. ಬ್ಯಾಲೆನ್ಸ್ ಸರಿ ಇದೆ, ಕಪ್ಲಿಂಗ್ ಜೋಡಣೆ ಕಾಗದದ ಮೇಲೆ ಸರಿ ಇದೆ. ಅಲಾರಂ ಮಿತಿ ಸ್ವಲ್ಪ ಏರಿಸಿ ಓಡಿಸೋಣ, ಆಮೇಲೆ ನೋಡಿಕೊಳ್ಳೋಣ ಅಂತ ಸೈಟಿನ ಹಿರಿಯರು ಹೇಳುತ್ತಾರೆ. ಇವರು ಒಪ್ಪಲಿಲ್ಲ. ರಾತ್ರಿ ಪಂಪು ನಿಲ್ಲಿಸಿ, ಸಣ್ಣ ಅಲುಗಾಟವನ್ನೂ ಅಳೆಯುವ ಡಯಲ್ ಇಂಡಿಕೇಟರ್ ಹಚ್ಚಿ, ನೀರು ಹೊರಹೋಗುವ ಕಡೆ ಪೈಪನ್ನು ಪಂಪಿಗೆ ಜೋಡಿಸುವ ಫ್ಲೇಂಜಿನ ಬೋಲ್ಟುಗಳನ್ನು ಒಂದೊಂದಾಗಿ ಸಡಿಲ ಮಾಡಿಸಿದರು. ಕೊನೆಯ ಬೋಲ್ಟ್ ಸಡಿಲಾಗಿದ್ದೇ ತಡ, ಪೈಪು ಟಣ್ ಅಂತ ಪಕ್ಕಕ್ಕೆ ಜಿಗಿಯಿತು. ಅದನ್ನು ಹೇಳುವಾಗ ಅವರ ಕೈಯೂ ಹಾಗೇ ಜಿಗಿಯಿತು. ಪೈಪು ಸರಿಯಾಗಿ ಕೂರದೇ ಇದ್ದದ್ದನ್ನು ಯಾರೋ ಚೈನ್ ಪುಲ್ಲಿಯಿಂದ ಎಳೆದು ಬೋಲ್ಟ್ ಬಿಗಿದಿದ್ದರು. ಆ ಬಿಗಿತವೇ ಪಂಪನ್ನು ವಾರೆ ಮಾಡುತ್ತಿತ್ತು. ಹಾಗೇ ಓಡಿಸಿದ್ದರೆ ಬೇರಿಂಗ್ ಹೋಗುತ್ತಿತ್ತು.

ಇಷ್ಟು ಹೇಳಿ ಅವರು ನಿಲ್ಲಿಸಿದರು. ಎಂಜಿನಿಯರ್‌ಗೆ ಕಥೆ ಅಲ್ಲಿಗೆ ಮುಗಿಯಿತು, ದೋಷ ಸಿಕ್ಕಿತಲ್ಲ!

“ಆಮೇಲೆ?” ಅಂದೆ.

ಆಮೇಲೆ ಪೈಪು ಕತ್ತರಿಸಿ ಹೊಸದಾಗಿ ವೆಲ್ಡಿಂಗ್ ಮಾಡಬೇಕು. ಹನ್ನೊಂದು ದಿನ ತಡ. ತಡವಾದರೆ ಕರಾರಿನ ಪ್ರಕಾರ ದಂಡ. ಬೆಳಗಾದ ಮೇಲೆ ಇವರೇ ಗ್ರಾಹಕರಿಗೆ ಫೋನ್ ಮಾಡಿದರು, ಬಾಸ್‌ಗೆ ಹೇಳುವ ಮೊದಲೇ. (ಅದು ತಪ್ಪು ಅಂತ ಬಾಸ್ ಆಮೇಲೆ ಬೈದರಂತೆ, ಅದಕ್ಕೆ ಮತ್ತೆ ಬರುತ್ತೇನೆ.) ಸಡಿಲಾದ ಪೈಪಿನ ಫೋಟೋ ಕಳಿಸಿದರು. ಇನ್ನೊಂದು ಪಂಪಿನಲ್ಲೇ ಘಟಕವನ್ನು ಅರ್ಧ ಸಾಮರ್ಥ್ಯದಲ್ಲಿ ಮೊದಲು ಚಾಲೂ ಮಾಡಿಕೊಡುತ್ತೇವೆ, ದಂಡ ಅರ್ಧಕ್ಕೆ ಇಳಿಸಿ ಅಂತ ಕೇಳಿದರು. ಗ್ರಾಹಕರು ಒಪ್ಪಿದರು.

ಇದನ್ನು ಸಣ್ಣ ವಿಷಯ ಅಂದಿದ್ದರು! ಎಲೆಮರೆ ಕಾಯಿ ಅಂತಾರಲ್ಲ, ಹಾಗೆ ಅರ್ಜಿಯ ಬೆಸ್ಟ್ ಸಾಲು ಕೆಳಗಿನಿಂದ ಮೂರನೆಯದಾಗಿ ಕೂತಿತ್ತು. ಪೈಪಿನ ದೋಷ ಹುಡುಕಿದ್ದು ಒಳ್ಳೆ ಎಂಜಿನಿಯರ್ ಕೆಲಸ. ಕೈಯಲ್ಲಿ ಅಧಿಕಾರ ಇಲ್ಲದೆ ಹಿರಿಯರಿಗೆ ಇಲ್ಲ ಅಂದದ್ದು, ಕೆಟ್ಟ ಸುದ್ದಿಯ ಜೊತೆಗೇ ಒಂದು ದಾರಿಯನ್ನೂ ಗ್ರಾಹಕರ ಮುಂದೆ ಇಟ್ಟದ್ದು, ಬಿಸಿನೆಸ್ ಸ್ಕೂಲು ಹುಡುಕುವುದು ಅದನ್ನು. ಸಾಲನ್ನು ಮೇಲಕ್ಕೆ ತನ್ನಿ, ‘ಲಾಯಿತು’ ತೆಗೆಯಿರಿ, ‘ನಾನು’ ಹಾಕಿ ಅಂದೆ. ಟೀಮಿಗೆ ಸೇರಬೇಕಾದ್ದನ್ನು ಟೀಮಿಗೇ ಕೊಡಿ, ಆದರೆ ನಿಮ್ಮ ನಿರ್ಧಾರವನ್ನು ಟೀಮಿನ ಹಿಂದೆ ಬಚ್ಚಿಡಬೇಡಿ. ‘ನಾನು’ ಅಂತ ಬರೆಯೋಕೆ ಅವರಿಗೆ ಎರಡು ವಾರ ಬೇಕಾಯ್ತು. ಮೊದಲ ಕರಡಿನಲ್ಲಿ ಎಣಿಸಿದೆ, ಒಂದೇ ಒಂದು ಕಡೆ ಇತ್ತು.

ಶಿಫಾರಸು ಪತ್ರದ ವಿಷಯದಲ್ಲಿ ಸ್ವಲ್ಪ ಜಗಳವೇ ಆಯಿತು. ಅವರಿಗೆ ಕಂಪನಿಯ ಉಪಾಧ್ಯಕ್ಷರಿಂದ ಪತ್ರ ಬೇಕಿತ್ತು. ಆ ಉಪಾಧ್ಯಕ್ಷರು ಇವರನ್ನು ನೋಡಿದ್ದು ಎರಡು ಸಲ. “ನೀವೇ ಬರೆದು ತನ್ನಿ, ಸಹಿ ಹಾಕ್ತೀನಿ” ಅಂದಿದ್ದರಂತೆ. ಅದು ಖಂಡಿತ ಬೇಡ. ಒಂದು, ಅದು ಸುಳ್ಳು. ಎರಡು, ಒಂದೇ ಕೈ ಬರೆದದ್ದು ಓದುವವರಿಗೆ ಗೊತ್ತಾಗುತ್ತದೆ. ಎಷ್ಟೋ ಸ್ಕೂಲುಗಳು ಬಳಸುವ ಪತ್ರದ ನಮೂನೆಯಲ್ಲಿ ಒಂದು ಪ್ರಶ್ನೆ ಇದೆ: ಈ ವ್ಯಕ್ತಿಗೆ ನೀವು ಕೊಟ್ಟ ಅತಿ ಮುಖ್ಯವಾದ ತಿದ್ದುವ ಮಾತು ಯಾವುದು, ಅದಕ್ಕೆ ಅವರು ಹೇಗೆ ಸ್ಪಂದಿಸಿದರು? ಎರಡು ಸಲ ನೋಡಿದವರು ಇದಕ್ಕೆ ಏನು ಬರೆದಾರು? ಗ್ರಾಹಕರಿಗೆ ಮೊದಲು ಫೋನ್ ಮಾಡಿದ್ದಕ್ಕೆ ಬೈದ ಬಾಸ್ ಇದ್ದಾರಲ್ಲ, ಅವರಿಗೆ ಇದಕ್ಕೆ ಉತ್ತರ ಸಿದ್ಧವಾಗೇ ಇದೆ. ಅವರನ್ನೇ ಕೇಳಿ ಅಂದೆ. ಹಿಂಜರಿಯುತ್ತಲೇ ಕೇಳಿದರು. ಬಾಸ್ ಒಂದು ಭಾನುವಾರ ಪೂರ್ತಿ ಕೂತು ಬರೆದರಂತೆ.

ಇನ್ನು ಗುರಿ. ಕನ್ಸಲ್ಟಿಂಗ್ ಕೆಟ್ಟದ್ದಲ್ಲ, ಆದರೆ ಇವರ ಬಾಯಲ್ಲಿ ಅದು ಎರವಲು ತಂದ ಮಾತು. ಎರಡನೇ ಭೇಟಿಯಲ್ಲಿ ಘಟಕಗಳು ಯಾಕೆ ಹಾಳಾಗುತ್ತವೆ ಅಂತ ಸುಮ್ನೆ ಕೇಳಿದೆ. ನಲವತ್ತು ನಿಮಿಷ ಮಾತಾಡಿದರು. ಕಟ್ಟುವವರು ಒಬ್ಬರು, ನಡೆಸುವವರು ಇನ್ನೊಬ್ಬರು, ಕಡಿಮೆ ಬೆಲೆ ಹೇಳಿದವರಿಗೆ ಗುತ್ತಿಗೆ, ಮೂರನೇ ವರ್ಷಕ್ಕೆ ಬಿಡಿಭಾಗ ಇಲ್ಲ. ಕಟ್ಟಿದವರೇ ಹತ್ತು ವರ್ಷ ನಡೆಸಿ, ಕೊಟ್ಟ ನೀರಿನ ಲೆಕ್ಕದಲ್ಲಿ ಹಣ ಪಡೆಯುವ ಒಂದು ವಿಭಾಗ ತಮ್ಮ ಕಂಪನಿಯಲ್ಲಿ ಬೇಕು ಅನ್ನುವುದು ಅವರ ಆಸೆ. ಅದಕ್ಕೆ ಹಣಕಾಸು ಗೊತ್ತಿಲ್ಲ, ಕರಾರು ಬರೆಯೋಕೆ ಗೊತ್ತಿಲ್ಲ. ಎಂಬಿಎ ಯಾಕೆ ಅನ್ನೋ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ಬೇಕಾ?

ಗುರಿ ಬದಲಾದ ಮೇಲೆ ಪಟ್ಟಿಯೂ ಬದಲಾಯಿತು. ಹನ್ನೊಂದರಲ್ಲಿ ಏಳನ್ನು ಹೊಡೆದುಹಾಕಿದೆವು. ಅಮೆರಿಕದ ಎಂಐಟಿಯಲ್ಲಿ ಎಲ್‌ಜಿಒ (ಲೀಡರ್ಸ್ ಫಾರ್ ಗ್ಲೋಬಲ್ ಆಪರೇಷನ್ಸ್) ಅಂತ ಎರಡು ವರ್ಷದ ಕೋರ್ಸ್ ಇದೆ, 1988ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದದ್ದು. ಎಂಬಿಎ ಜೊತೆಗೇ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ, ನಡುವೆ ಆರು ತಿಂಗಳು ಕಂಪನಿಯೊಂದರಲ್ಲಿ ಕೆಲಸ. ಇವರಿಗೇ ಹೊಲಿದ ಅಂಗಿ ಥರ. ಅವರ ಹಾಳೆಯಲ್ಲಿ ಅದು ಇರಲೇ ಇಲ್ಲ! ಫ್ರಾನ್ಸಿನ ಇನ್ಸಿಯಾಡ್ ಉಳಿಸಿಕೊಂಡೆವು. ಹತ್ತು ತಿಂಗಳಲ್ಲಿ ಮುಗಿಯುತ್ತದೆ, 31 ಅಲ್ಲಿ ದೊಡ್ಡ ವಯಸ್ಸೂ ಅಲ್ಲ. ಹಾರ್ವರ್ಡ್‌ನಂಥ ಕಡೆ ಸೇರುವವರ ಅನುಭವ ಸರಾಸರಿ ಐದು ವರ್ಷ. ಎಂಟೂವರೆ ಇದ್ದರೆ ಬಾಗಿಲು ಮುಚ್ಚಿದೆ ಅಂತಲ್ಲ, ‘ಈಗ ಯಾಕೆ’ ಅನ್ನೋ ಪ್ರಶ್ನೆಗೆ ಗಟ್ಟಿ ಉತ್ತರ ಇರಬೇಕು. ಇವರಿಗೆ ಈಗ ಇತ್ತು. ಹಾರ್ವರ್ಡ್ ಇಟ್ಟುಕೊಂಡರು, ಅಮೆರಿಕದ್ದೇ ಆದ ವಾರ್ಟನ್ ಕೂಡ. ಸ್ಟ್ಯಾನ್‌ಫರ್ಡ್ ಅವರೇ ಬಿಟ್ಟರು. ನಿಮಗೆ ಎಲ್ಲಕ್ಕಿಂತ ಮುಖ್ಯ ಯಾವುದು, ಯಾಕೆ ಅನ್ನುವ ಅಲ್ಲಿನ ಪ್ರಶ್ನೆಗೆ ಮೂರು ಕರಡು ಬರೆದು, “ಇದರಲ್ಲಿ ನಾನಿಲ್ಲ ಮೇಡಂ” ಅಂದರು. ಆ ಮಾತು ಕೇಳಿ ನನಗೆ ಖುಷಿಯಾಯಿತು.

ಸಂದರ್ಶನದ ತಯಾರಿಯಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ವಾರ್ಟನ್‌ನಲ್ಲಿ ಐದಾರು ಅಭ್ಯರ್ಥಿಗಳನ್ನು ಒಟ್ಟಿಗೆ ಕೂರಿಸಿ 35 ನಿಮಿಷ ಚರ್ಚೆ ಮಾಡಿಸುತ್ತಾರೆ. ಇವರು ಅಭ್ಯಾಸದ ಚರ್ಚೆಯಲ್ಲಿ ಬೇರೆಯವರ ಲೆಕ್ಕದ ತಪ್ಪು ಹಿಡಿದು ತಿದ್ದುತ್ತಾ ಕೂತರು. ಪ್ರತಿ ಸಲ ಇವರದೇ ಸರಿ, ಆದರೆ ಹತ್ತನೇ ನಿಮಿಷಕ್ಕೆ ಯಾರೂ ಇವರ ಮುಖ ನೋಡುತ್ತಿರಲಿಲ್ಲ. ವಿಡಿಯೋ ತೋರಿಸಿದೆ. ಏನೂ ಹೇಳಬೇಕಾಗಲಿಲ್ಲ.

ಎಲ್ಲವನ್ನೂ ಸೆಪ್ಟೆಂಬರ್‌ನ ಮೊದಲ ಸುತ್ತಿನಲ್ಲೇ ಹಾಕಿಸಿದೆ. ನಾಲ್ಕರಲ್ಲಿ ಎರಡು ಕಡೆಯಿಂದ ಸಂದರ್ಶನಕ್ಕೇ ಕರೆ ಬರಲಿಲ್ಲ. ಒಂದು ಕಡೆ ಸೀಟು ಸಿಕ್ಕಿದೆ. ಇನ್ನೊಂದು, ಅವರಿಗೆ ತುಂಬ ಬೇಕಾದದ್ದು, ವೇಟ್‌ಲಿಸ್ಟ್. ಹೋದ ವಾರ ಫೋನ್ ಮಾಡಿ, “ಇದರಿಂದ ಮೇಲೆ ಬರೋ ಚಾನ್ಸ್ ಎಷ್ಟು?” ಅಂತ ಶುರು ಮಾಡಿದವರು ತಾವೇ ನಕ್ಕು ಸುಮ್ಮನಾದರು. ಅರ್ಜಿ ಹಾಕಿದ ಮೇಲೆ ಕೆಲಸದಲ್ಲಿ ಏನು ಬದಲಾಗಿದೆ ಅಂತ ಕೇಳಿದೆ. ಆ ನಡೆಸುವ ವಿಭಾಗದ ಬಗ್ಗೆ ಬಾಸ್ ಒಂದು ಟಿಪ್ಪಣಿ ಕೇಳಿದ್ದಾರಂತೆ, ಮೊದಲ ಘಟಕಕ್ಕೆ ಲೆಕ್ಕಾಚಾರ ಇವರೇ ಮಾಡಬೇಕಂತೆ. ಅದನ್ನೇ ಒಂದು ಪುಟದಲ್ಲಿ ಬರೆದು ಸ್ಕೂಲಿಗೆ ಕಳಿಸಿ, ವಾರಕ್ಕೊಂದು ಮೇಲ್ ಮಾತ್ರ ಬೇಡ ಅಂದಿದ್ದೇನೆ. ಕರಡು ನಿನ್ನೆ ಬಂತು. ಮೊದಲ ವಾಕ್ಯ ‘ನಾನು’ ಅಂತಲೇ ಇದೆ.