ಬೆಣ್ಣೆಗೆ ಸೊಪ್ಪಿನ ಪರಿಮಳ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ರೋಸ್‌ಮೇರಿ, ಪುದೀನ ಎರಡನ್ನೂ ಹಾಕಿ ಬೆಣ್ಣೆ ಕಾಯಿಸಿದೆ. ಸೊಪ್ಪು ಕಪ್ಪಾಯಿತು, ಬೆಣ್ಣೆ ಕಹಿಯಾಯಿತು, ಪರಿಮಳ ಮಾತ್ರ ಇಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಉರಿ ಜಾಸ್ತಿಯಾಯಿತು. ಬೆಣ್ಣೆ ಅಂದರೆ ಬರೀ ಜಿಡ್ಡಲ್ಲ ನೋಡಿ. 100 ಗ್ರಾಂ ಬೆಣ್ಣೆಯಲ್ಲಿ ಜಿಡ್ಡು ಸುಮಾರು 80 ಗ್ರಾಂ, ನೀರು 16 ಗ್ರಾಂ ಆಸುಪಾಸು, ಮಿಕ್ಕಿದ್ದು ಹಾಲಿನ ಅಂಶ. ಬೆಣ್ಣೆ ಚಟಪಟ ಅನ್ನುತ್ತಿದೆ ಅಂದರೆ ನೀರು ಆವಿಯಾಗುತ್ತಿದೆ ಎಂದರ್ಥ. ಅಲ್ಲಿಯ ತನಕ ಬಿಸಿ 100 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಇರುತ್ತದೆ. ಸದ್ದು ನಿಂತಿತೋ, ಬಿಸಿ ಸರ್ರನೆ ಏರುತ್ತದೆ, ತಳದಲ್ಲಿ ಕೂತ ಹಾಲಿನ ಅಂಶ ಮೊದಲು ಕೆಂಪಗಾಗಿ ಆಮೇಲೆ ಸೀದು ಹೋಗುತ್ತದೆ, ನಿಮ್ಮ ಸೊಪ್ಪೂ ಅದರ ಜೊತೆಗೇ ಸೀಯುತ್ತದೆ. ಪರಿಮಳ ಬೆಣ್ಣೆಗೆ ಇಳಿಯುವ ಬದಲು ಗಾಳಿಗೆ ಹೋಯಿತು. ಅಡುಗೆಮನೆಯೆಲ್ಲ ಘಮಘಮ ಅಂದಿರಬೇಕಲ್ವಾ? ಅದೇ ನಿಮ್ಮ ನಷ್ಟ.

ಸೊಪ್ಪಿನ ವಾಸನೆ ಇರುವುದು ಅದರ ಎಣ್ಣೆಯಲ್ಲಿ. ಅದು ಜಿಡ್ಡಿನಲ್ಲಿ ಸುಲಭವಾಗಿ ಕರಗುತ್ತದೆ, ಆದರೆ ಅವಸರ ಮಾಡಿದರೆ ಆಗುವುದಿಲ್ಲ. ಒಂದು ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಇನ್ನೊಂದು ಪಾತ್ರೆ ಇಟ್ಟು, 250 ಗ್ರಾಂ ಉಪ್ಪಿಲ್ಲದ ಬೆಣ್ಣೆ, ನಾಲ್ಕೈದು ಕಡ್ಡಿ ರೋಸ್‌ಮೇರಿ ಹಾಕಿ. ಕೆಳಗಿನ ನೀರು ಕುದಿಯಬಾರದು, ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದರೆ ಸಾಕು. 70–80 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ. ಮಧ್ಯೆ ಒಂದು ಹನಿ ಚಮಚದಲ್ಲಿ ತೆಗೆದು, ಆರಿಸಿ, ನಾಲಿಗೆಗೆ ಹಚ್ಚಿ ನೋಡುತ್ತಿರಿ, ಸಾಕು ಅನ್ನಿಸಿದಾಗ ಇಳಿಸಿ. ಗಡಿಯಾರಕ್ಕಿಂತ ನಾಲಿಗೆಯನ್ನು ನಂಬಿ.

ಪುದೀನವನ್ನು ಇದಕ್ಕೆ ಸೇರಿಸಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಪ್ರಶ್ನೆ: ಸೋಸಿದ ಬೆಣ್ಣೆಯ ತಳದಲ್ಲಿ ಹಸಿರು ನೀರು ನಿಂತಿದೆ. ಇದು ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ, ಆದರೆ ಹಾಗೇ ಬಿಟ್ಟರೆ ಕೆಡುತ್ತದೆ. ಬಟ್ಟೆಯನ್ನು ಹಿಂಡಿದಿರಿ ತಾನೆ? ನಾನೂ ಮೊದಲ ಸಲ ಹಿಂಡಿದ್ದೆ. ಅಷ್ಟು ಬೆಣ್ಣೆ ಸೊಪ್ಪಿನಲ್ಲಿ ಉಳಿದು ಹೋಗುತ್ತಲ್ಲ ಅಂತ ಹೊಟ್ಟೆ ಉರಿದು, ಬಟ್ಟೆಯ ಗಂಟು ಕಟ್ಟಿ ಎರಡು ಕೈಯಲ್ಲಿ ತಿರುಚಿ ತಿರುಚಿ ಹಿಂಡಿದೆ. ಮರುದಿನ ಬಾಟಲಿ ನೋಡಿದರೆ ಮೇಲೆ ತೆಳು ಹಸಿರು ಬೆಣ್ಣೆ, ಕೆಳಗೆ ಬೆರಳು ದಪ್ಪ ಕೊಳೆ ಬಣ್ಣದ ನೀರು, ಬಾಯಿಗಿಟ್ಟರೆ ಹುಲ್ಲು ಜಗಿದ ಹಾಗೆ. ಹಿಂಡಿದಾಗ ಬರುವುದು ಬೆಣ್ಣೆಗಿಂತ ಜಾಸ್ತಿ ಎಲೆಯ ನೀರು, ಒಗರು. ಬಟ್ಟೆಯಲ್ಲಿ ಹಾಕಿ ಸುಮ್ನೆ ಬಿಡಿ, ತಾನಾಗಿ ಸೋರಲಿ. ಈಗಿನದನ್ನು ಫ್ರಿಜ್‌ನಲ್ಲಿಟ್ಟು, ಗಟ್ಟಿಯಾದ ಮೇಲೆ ಬೆಣ್ಣೆಯ ಬಿಲ್ಲೆಯನ್ನು ಎತ್ತಿ, ಕೆಳಗಿನ ನೀರು ಚೆಲ್ಲಿ, ತಳವನ್ನು ಶುಭ್ರವಾದ ಬಟ್ಟೆಯಿಂದ ಒರೆಸಿಬಿಡಿ.

ಪ್ರಶ್ನೆ: ಬೆಣ್ಣೆಗೆ ಬೇಕೆಂದೇ ನೀರು ಹಾಕಿ ಕಾಯಿಸುವವರೂ ಇದ್ದಾರಲ್ಲ?

ಉತ್ತರ: ಇದ್ದಾರೆ, ಅದು ಒಳ್ಳೆಯ ಉಪಾಯವೇ. ನೀರು ಇರುವಷ್ಟು ಹೊತ್ತು ತಳ ಹಿಡಿಯುವುದಿಲ್ಲ. ಆಮೇಲೆ ಮೇಲೆ ಹೇಳಿದ ಹಾಗೇ ಫ್ರಿಜ್‌ನಲ್ಲಿಟ್ಟು ನೀರನ್ನು ಬೇರೆ ಮಾಡಬೇಕು. ಕಾಯಿಸುವಾಗ ನೀರು ಬೇಕು, ಇಡುವಾಗ ಬೇಡ.

ಪ್ರಶ್ನೆ: ಕೊತ್ತಂಬರಿ, ಬೇಸಿಲ್, ಸಬ್ಬಸಿಗೆಯಿಂದ ಮಾಡಬಹುದಾ?

ಉತ್ತರ: ಧಾರಾಳವಾಗಿ, ಆದರೆ ಒಲೆ ಹಚ್ಚದೆ. ರೋಸ್‌ಮೇರಿ, ಥೈಮ್ ತರಹದ ಗಡಸು ಎಲೆಗಳು ಬಿಸಿ ತಡೆದುಕೊಳ್ಳುತ್ತವೆ. ಇವು, ಪುದೀನವೂ ಸೇರಿ, ಮೆತ್ತಗಿನ ಎಲೆಗಳು. ಕಾಯಿಸಿದರೆ ಇವುಗಳ ತಾಜಾತನವೇ ಹೋಗುತ್ತದೆ. ಬೆಣ್ಣೆಯನ್ನು ಹೊರಗಿಟ್ಟು ಮೆತ್ತಗೆ ಮಾಡಿ, ಕರಗಿಸಬೇಡಿ. ಬೆರಳು ಒತ್ತಿದರೆ ಗುಳಿ ಬೀಳಬೇಕು, ಬೆರಳಿಗೆ ಜಿಡ್ಡು ಸುರಿಯಬಾರದು. 100 ಗ್ರಾಂಗೆ ಸಣ್ಣಗೆ ಹೆಚ್ಚಿದ ಸೊಪ್ಪು ಎರಡು ದೊಡ್ಡ ಚಮಚ, ಚಿಟಿಕೆ ಉಪ್ಪು. ತೊಳೆದ ಸೊಪ್ಪನ್ನು ಪೂರ್ತಿ ಆರಿಸಿಯೇ ಹೆಚ್ಚಬೇಕು, ಇಲ್ಲದಿದ್ದರೆ ಬೆಣ್ಣೆ ಬೆವರುತ್ತದೆ. ಬೇಸಿಲ್ ಹೆಚ್ಚಿದ ಕೂಡಲೇ ಕಪ್ಪಾಗುತ್ತದೆ ಅನ್ನುವವರು ಎಲೆಗಳನ್ನು ಕುದಿಯುವ ನೀರಿನಲ್ಲಿ 10 ಸೆಕೆಂಡ್ ಅದ್ದಿ ತಕ್ಷಣ ಐಸ್ ನೀರಿಗೆ ಹಾಕಿ. ಬಣ್ಣ ಕೆಡಿಸುವ ಕಿಣ್ವ ಬಿಸಿಗೆ ಸುಮ್ಮನಾಗುತ್ತದೆ, ಸ್ವಲ್ಪ ಪರಿಮಳವೂ ಹೋಗುತ್ತದೆ ಅನ್ನಿ. ನನಗಂತೂ ಕಪ್ಪಾದರೂ ಪರಿಮಳವೇ ಮುಖ್ಯ.

ಪ್ರಶ್ನೆ: ಬೆಳ್ಳುಳ್ಳಿ ಬೆಣ್ಣೆ ಎಷ್ಟು ದಿನ ಇಡಬಹುದು? ಹೊರಗಿಟ್ಟರೆ ಏನಾಗುತ್ತದೆ?

ಉತ್ತರ: ಹೊರಗಿಡಲೇಬೇಡಿ. ಮಣ್ಣಿನಲ್ಲಿರುವ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಬೆಳ್ಳುಳ್ಳಿಯ ಮೇಲೂ ಇರಬಹುದು. ಸಾಮಾನ್ಯ ಕುದಿಗೆ ಅದು ಸಾಯುವುದಿಲ್ಲ. ಗಾಳಿ ಇಲ್ಲದ, ಹುಳಿ ಇಲ್ಲದ, ಬೆಚ್ಚಗಿನ ಜಾಗ ಸಿಕ್ಕರೆ ಬೆಳೆದು ವಿಷ ಮಾಡುತ್ತದೆ, ಜಿಡ್ಡಿನೊಳಗೆ ಮುಳುಗಿದ ಬೆಳ್ಳುಳ್ಳಿಗೆ ಸಿಗುವುದು ಅಂಥದ್ದೇ ಜಾಗ. ಕಮಟು ವಾಸನೆ ಮೂಗಿಗೆ ಗೊತ್ತಾಗುತ್ತದೆ, ಇದು ಗೊತ್ತಾಗುವುದಿಲ್ಲ, ರುಚಿಯೂ ಬದಲಾಗದೆ ಇರಬಹುದು. ಹಾಗಾಗಿ ಮಾಡಿದ ತಕ್ಷಣ ಫ್ರಿಜ್‌ಗೆ ಹೋಗಬೇಕು, ನಾಲ್ಕು ದಿನದೊಳಗೆ ಮುಗಿಸಬೇಕು. ಹಸಿ ಸೊಪ್ಪಿನ ಬೆಣ್ಣೆಗೂ ಇದೇ ಲೆಕ್ಕ ಇಟ್ಟುಕೊಳ್ಳಿ. ಜಾಸ್ತಿ ಮಾಡಿದ್ದರೆ ಬೆಣ್ಣೆಕಾಗದದಲ್ಲಿ ಕೊಳವೆಯ ಹಾಗೆ ಸುತ್ತಿ, ದಿನಾಂಕ ಬರೆದು ಫ್ರೀಜರ್‌ನಲ್ಲಿಡಿ, ಬೇಕಾದಾಗ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಬಿಸಿ ಆಲೂಗಡ್ಡೆಯ ಮೇಲೋ ಬ್ರೆಡ್ ಮೇಲೋ ಹಾಕಿಕೊಳ್ಳಿ.

ಪ್ರಶ್ನೆ: ಒಣಗಿದ ಸೊಪ್ಪು ನಡೆಯುತ್ತದಾ?

ಉತ್ತರ: ನಡೆಯುತ್ತದೆ. ಹಸಿಯದರ ಮೂರನೇ ಒಂದು ಪಾಲು ಸಾಕು. ಡಬ್ಬಿ ತೆರೆದಾಗ ವಾಸನೆಯೇ ಬರದಿದ್ದರೆ ಅದನ್ನು ಬೆಣ್ಣೆಗೆ ಹಾಕಿ ದಂಡ.