ತತ್ತಿಯ ಬಿಳಿ ತಿಂದರೆ ಆಲ್ಬುಮಿನ್ ಏರುತ್ತದೆಯೇ?

ಪ್ರಶ್ನೆ: ನಮ್ಮ ತಂದೆಯವರಿಗೆ 58 ವರ್ಷ, ತೂಕ 60 ಕಿಲೋ. ಎರಡೂ ಕಾಲು ಬಾತಿವೆ, ಒತ್ತಿದರೆ ಗುಳಿ ಬೀಳುತ್ತದೆ. ರಕ್ತ ಪರೀಕ್ಷೆಯಲ್ಲಿ ಆಲ್ಬುಮಿನ್ 2.4 ಬಂದಿದೆ. ದಿನಾ ಆರು ತತ್ತಿಯ ಬಿಳಿ ತಿನ್ನಿಸಿರೆಂದು ಮಂದಿ ಹೇಳುತ್ತಾರೆ. ಸಾಕೇ?
– ಓದುಗರು, ಆಳಂದ

ಉತ್ತರ: ತತ್ತಿಯ ಬಿಳಿಯಲ್ಲಿರುವುದು ಬೇರೆಯೇ ಪ್ರೋಟೀನು. ಅದು ಹೊಟ್ಟೆಯಲ್ಲಿ ಕರಗಿ ಅಮೈನೋ ಆಮ್ಲವಾಗುತ್ತದೆ, ಹಾಗೇ ರಕ್ತಕ್ಕೆ ಹೋಗಿ ಸೇರುವುದಿಲ್ಲ. ರಕ್ತದ ಆಲ್ಬುಮಿನ್ ಎಂಬ ಪ್ರೋಟೀನು ತಯಾರಾಗುವುದು ಲಿವರಿನಲ್ಲಿ, ದಿನಕ್ಕೆ 10ರಿಂದ 15 ಗ್ರಾಂ. ಡೆಸಿಲೀಟರಿಗೆ 3.5ರಿಂದ 5 ಗ್ರಾಂ ಇರಬೇಕು. ರಕ್ತನಾಳದೊಳಗೆ ನೀರನ್ನು ಹಿಡಿದಿಡುವ ಸೆಳೆತದ ಮುಕ್ಕಾಲು ಪಾಲು ಇದರದೇ. ಇದು ಇಳಿದಾಗ ನೀರು ಜಿನುಗಿ ಕಾಲಿಗೆ ಇಳಿಯುತ್ತದೆ.

ಹಾಗಾಗಿ ಏನು ತಿನ್ನಿಸಬೇಕು ಎನ್ನುವ ಮೊದಲು, ಲಿವರು ತಯಾರಿಸುತ್ತಿಲ್ಲವೋ, ತಯಾರಿಸಿದ್ದು ಸೋರಿಹೋಗುತ್ತಿದೆಯೋ ಎಂದು ನೋಡಬೇಕು. ಬೆಳಗಿನ ಮೊದಲ ಮೂತ್ರದಲ್ಲಿ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ ಮಾಡಿಸಿ. ಕ್ರಿಯಾಟಿನಿನ್ನಿನ ಪ್ರತಿ ಗ್ರಾಂಗೆ ಆಲ್ಬುಮಿನ್ 30 ಮಿಲಿಗ್ರಾಂ ದಾಟಿದರೆ ಸೋರಿಕೆ ಇದೆ ಎಂದರ್ಥ. 24 ಗಂಟೆಯ ಮೂತ್ರದಲ್ಲಿ 3.5 ಗ್ರಾಂಗಿಂತ ಹೆಚ್ಚು ಪ್ರೋಟೀನು ಹೋಗುತ್ತಿದ್ದರೆ ಕಿಡ್ನಿಯ ಜರಡಿಯೇ ಹಾಳಾಗಿದೆ. ಬಹಳ ವರ್ಷದ ಶುಗರ್ ಇದಕ್ಕೆ ದೊಡ್ಡ ಕಾರಣ. ಮೂತ್ರ ಸರಿಯಿದ್ದರೆ ಬಿಲಿರುಬಿನ್ (ಕಾಮಾಲೆಯ ಹಳದಿ ಬಣ್ಣ), ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ತೋರಿಸುವ ಐಎನ್‌ಆರ್, ಹೊಟ್ಟೆಯ ಸ್ಕ್ಯಾನು ಮಾಡಿಸಿ ಲಿವರ್ ನೋಡಬೇಕು. ದೊಡ್ಡ ಸೋಂಕಿನಲ್ಲೂ ಆಲ್ಬುಮಿನ್ ಇಳಿಯುತ್ತದೆ, ಆದ್ದರಿಂದ ಮೈಯೊಳಗಿನ ಉರಿಯೂತ ತೋರಿಸುವ ಸಿಆರ್‌ಪಿಯೂ ಜೊತೆಗಿರಲಿ.

ಊಟ ಇದರ ಮೇಲೆ ನಿಂತಿದೆ. ಕಿಡ್ನಿಯಿಂದ ಸೋರುತ್ತಿದ್ದರೆ ಕಿಲೋ ತೂಕಕ್ಕೆ 0.8ರಿಂದ 1 ಗ್ರಾಂ, ಅಂದರೆ ನಿಮ್ಮ ತಂದೆಗೆ ದಿನಕ್ಕೆ 48ರಿಂದ 60 ಗ್ರಾಂ ಪ್ರೋಟೀನು ಸಾಕು. ಹೆಚ್ಚು ತಿಂದಷ್ಟೂ ಸೋರಿಕೆ ಹೆಚ್ಚುತ್ತದೆ. ಲಿವರ್ ಗಟ್ಟಿಯಾಗುವ ಸಿರೋಸಿಸ್ ಇದ್ದರೆ ತದ್ವಿರುದ್ಧ: 72ರಿಂದ 90 ಗ್ರಾಂ ಬೇಕು, ರಾತ್ರಿ ಮಲಗುವ ಮುಂಚೆಯೂ ಏನಾದರೂ ತಿನ್ನಬೇಕು. ನಮ್ಮ ಭಾಗದ ತೊಗರಿ ಬ್ಯಾಳಿಯ 50 ಗ್ರಾಂನಲ್ಲೇ ಸುಮಾರು 11 ಗ್ರಾಂ ಪ್ರೋಟೀನಿದೆ. ಬಾವು ಇರುವತನಕ ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು. ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ ಇವೇ ಲೆಕ್ಕ ತಪ್ಪಿಸುತ್ತವೆ.

ಆಲ್ಬುಮಿನ್ನಿನ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕರಗಲು ಹಿಡಿಯುವ ಸಮಯ, ಸುಮಾರು 20 ದಿನ. ವಾರಕ್ಕೊಮ್ಮೆ ಪರೀಕ್ಷಿಸಿ ಏರಲಿಲ್ಲವೆಂದು ಎದೆಗುಂದಬೇಡಿ. ಒಂದೇ ಕಾಲು ಬಾತು ನೋಯುತ್ತಿದ್ದರೆ, ಇಲ್ಲವೇ ಉಸಿರು ಕಟ್ಟಿದರೆ, ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ನಮ್ಮ ಮಾವನವರಿಗೆ ಸಿರೋಸಿಸ್. ಹೊಟ್ಟೆಯ ನೀರು ತೆಗೆಸುವಾಗಲೆಲ್ಲ ಆಲ್ಬುಮಿನ್ ಬಾಟಲಿ ತರಲು ಹೇಳುತ್ತಾರೆ. ಬಹಳ ದುಬಾರಿ. ಬಿಟ್ಟರೆ ನಡೆಯುವುದಿಲ್ಲವೇ?
– ಓದುಗರು, ಶಹಾಪುರ

ಉತ್ತರ: 5 ಲೀಟರಿಗಿಂತ ಹೆಚ್ಚು ತೆಗೆಯುವಾಗ ಬಿಡಬೇಡಿ. ಅಷ್ಟು ನೀರು ಒಮ್ಮೆಲೇ ಹೋದರೆ ಮುಂದಿನ ದಿನಗಳಲ್ಲಿ ರಕ್ತದ ಹರಿವು ಕುಗ್ಗಿ ಕಿಡ್ನಿ ಕೈಕೊಡಬಹುದು. ತೆಗೆದ ಪ್ರತಿ ಲೀಟರಿಗೆ 6ರಿಂದ 8 ಗ್ರಾಂ ಲೆಕ್ಕ. ಶೇಕಡಾ 20ರ 100 ಮಿಲೀ ಬಾಟಲಿಯಲ್ಲಿ 20 ಗ್ರಾಂ ಇರುತ್ತದೆ. 8 ಲೀಟರಿಗೆ ಮೂರು ಬಾಟಲಿ. ಅದಕ್ಕಿಂತ ಹೆಚ್ಚು ತರಿಸಿದರೆ ಕಾರಣ ಕೇಳಿ. ಬರೀ ಅಂಕಿ ಏರಿಸಲು ದಿನಾ ಹಚ್ಚುವುದರಿಂದ ಲಾಭವಿಲ್ಲವೆಂದು 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ‘ಅಟೈರ್’ ಅಧ್ಯಯನ ತೋರಿಸಿದೆ.

ಯಾದಗಿರಿ ಜಿಲ್ಲೆಯ ಬೇಸಿಗೆಯಲ್ಲಿ ಬಾಟಲಿಯನ್ನು ಬೈಕಿನ ಡಿಕ್ಕಿಯಲ್ಲಿ ಇಟ್ಟು ತರಬೇಡಿ. ಲೇಬಲ್ಲಿನ ಉಷ್ಣತೆ ನೋಡಿ, ಫ್ರೀಜರಿಗಂತೂ ಹಾಕಲೇಬಾರದು. ಕದಡಿದ್ದರೆ ವಾಪಸು ಕೊಡಿ. ತೆರೆದದ್ದು 4 ಗಂಟೆಯೊಳಗೆ ಮುಗಿಯಬೇಕು.

ಪ್ರಶ್ನೆ: ತಾಯಿಯವರ ಕ್ಯಾಲ್ಸಿಯಂ 7.6, ಆಲ್ಬುಮಿನ್ 2.5. ಕ್ಯಾಲ್ಸಿಯಂ ಗುಳಿಗೆ ಬೇಕೇ?
– ಓದುಗರು, ಭಾಲ್ಕಿ

ಉತ್ತರ: ರಕ್ತದ ಕ್ಯಾಲ್ಸಿಯಂನ ದೊಡ್ಡ ಭಾಗ ಆಲ್ಬುಮಿನ್ನಿಗೆ ಅಂಟಿಕೊಂಡೇ ಇರುತ್ತದೆ. ಅದು ಇಳಿದರೆ ಒಟ್ಟು ಕ್ಯಾಲ್ಸಿಯಂ ಕೂಡ ಕಡಿಮೆ ಕಾಣುತ್ತದೆ. ಆಲ್ಬುಮಿನ್ನಿನ ಸಾಮಾನ್ಯ ಮಟ್ಟವೆಂದು ಹಿಡಿಯುವ 4ರಿಂದ 2.5 ಕಳೆದು 0.8ರಿಂದ ಗುಣಿಸಿ: 1.2. ಅದನ್ನು 7.6ಕ್ಕೆ ಕೂಡಿಸಿದರೆ 8.8, ಬಹುತೇಕ ಲ್ಯಾಬುಗಳ ಪ್ರಕಾರ ಇದು ಸರಿಯಾದ ಮಟ್ಟವೇ. ಕೈಬಾಯಿ ಜುಮುಗುಡುವುದು, ಸ್ನಾಯು ಸೆಳೆಯುವುದು ಇದ್ದರೆ ಮಾತ್ರ ಅಯಾನೈಸ್ಡ್ ಕ್ಯಾಲ್ಸಿಯಂ (ಯಾವುದಕ್ಕೂ ಅಂಟದೆ ಬಿಡಿಯಾಗಿರುವ ಕ್ಯಾಲ್ಸಿಯಂ) ಪರೀಕ್ಷೆ ಮಾಡಿಸಿ.